ಐದು ಸಾವಿರದ ಮೇಲೆ ಎಳೆಯುವುದಿಲ್ಲ

ಹುಣಸೂರು
12 ಜೂನ್ 2025

ಅನುಶ್ರೀ,

ಮನೆಯ ಸಮಾಚಾರವನ್ನೆಲ್ಲ ನಿನ್ನಮ್ಮ ಫೋನಿನಲ್ಲಿ ಹೇಳಿಯೇ ಹೇಳುತ್ತಾಳೆ, ಅದನ್ನು ನಾನು ಬರೆಯುವುದು ಬೇಡ. ನನ್ನ ಹತ್ತಿರ ಏನು ಮಾತಿದ್ದರೂ ಕಾಗದದಲ್ಲೇ ಆಗಬೇಕು ಎಂದು ಎರಡು ವರ್ಷದ ಹಿಂದೆ ಹೇಳಿ ಕೊಯಮತ್ತೂರಿಗೆ ಹೋದವಳು ನೀನು. ಎರಡು ವರ್ಷ ನಾನೂ ಬರೆಯಲಿಲ್ಲ. ಈಗ ಬರೆಯುತ್ತಿರುವುದು ಒಂದು ಕಾರಿನ ಸಲುವಾಗಿ.

ಕೆ.ಆರ್. ನಗರದ ಅಕ್ಕಿ ಗಿರಣಿಯವರ ಮಗ ಸಾಗರ್ ಎಂಬವನು ಸೋಮವಾರ ನಮ್ಮ ಗ್ಯಾರೇಜಿಗೆ ಬಂದ. ಬಿಳಿ ಬಣ್ಣದ ಟರ್ಬೊ ಪೆಟ್ರೋಲ್ ಕಾರು. ಅದನ್ನು ನೋಡಿಯೇ ನನಗೆ ಅಸಹ್ಯವಾಯಿತು. ಬಾನೆಟ್ಟಿನ ತುಂಬ ಹುಲಿ ಪರಚಿದ ಹಾಗೆ ಸ್ಟಿಕ್ಕರು, ಒಳಗೆ ನೇರಳೆ ದೀಪ, ವಾಕರಿಕೆ ತರಿಸುವಷ್ಟು ಸೆಂಟು. ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಸೈಲೆನ್ಸರಿನಲ್ಲಿ ಪಟಾಕಿ ಸಿಡಿಯುತ್ತದೆ. ವೀರನಹೊಸಹಳ್ಳಿ ಕಾಡಿನ ಗೇಟಿನ ಹತ್ತಿರ ರಸ್ತೆ ದಾಟಲು ನಿಂತಿದ್ದ ಆನೆಯ ಮುಂದೆ ಹಾಗೆ ಸಿಡಿಸಿದ್ದಾನೆ. ಮರಿಯನ್ನು ಹೊಟ್ಟೆಯ ಕೆಳಗೆ ಎಳೆದುಕೊಂಡು ಆನೆ ಹಿಂದೆ ಸರಿಯುವ ಆ ವಿಡಿಯೊವನ್ನು ನನಗೇ ತೋರಿಸಿ ನಕ್ಕ. ಕೈಯಲ್ಲಿ ಸ್ಪ್ಯಾನರ್ ಇತ್ತು, ಪುಣ್ಯಕ್ಕೆ ಸುಮ್ಮನಿದ್ದೆ.

ಅವನ ದೂರು ಇಷ್ಟೆ. ಕೆಳಗಿನ ವೇಗದಲ್ಲಿ ಕಾರು ಚೆನ್ನಾಗಿ ಓಡುತ್ತದೆ. ಇಂಜಿನ್ ನಿಮಿಷಕ್ಕೆ ಐದು ಸಾವಿರ ಸುತ್ತು ದಾಟಿತೆಂದರೆ ಸುಸ್ತು ಹೊಡೆದು ನಿಲ್ಲುತ್ತದೆ. "ಮೇಲಕ್ಕೋದ್ರೆ ಎಳೀತಾನೇ ಇಲ್ಲ ಕಣಣ್ಣ" ಎಂದ. ಯಾರು ಇದನ್ನು ಟ್ಯೂನ್ ಮಾಡಿದ್ದು ಎಂದು ಕೇಳಿದೆ. ಫೋನಿನಲ್ಲಿ ಒಂದು ಸರ್ಟಿಫಿಕೇಟು ತೋರಿಸಿದ. ಲ್ಯಾಪ್‌ಟಾಪಿನಲ್ಲಿ ಇಂಜಿನ್ನಿನ ಬುದ್ಧಿ ತಿದ್ದುವುದಕ್ಕೆ ಮ್ಯಾಪು ಎನ್ನುತ್ತೀರಂತಲ್ಲ, ಅದನ್ನು ಮಾಡಿದವರ ಜಾಗದಲ್ಲಿ ನಿನ್ನ ಹೆಸರಿತ್ತು.

ಇಂಥ ಕೊಳಕು ಕೆಲಸಕ್ಕಾ ನೀನು ಮನೆ ಬಿಟ್ಟು ಹೋಗಿದ್ದು? ಮೂವತ್ತೊಂದು ವರ್ಷದಿಂದ ಕಿವಿಯಲ್ಲೇ ಇಂಜಿನ್ ಕೇಳಿ ಕಾಯಿಲೆ ಹೇಳುವ ನನಗೆ ಇದು ಮ್ಯಾಪಿನದೇ ತಪ್ಪು ಎಂಬುದರಲ್ಲಿ ಅನುಮಾನವಿಲ್ಲ. ಸರಿಮಾಡಿ ಕಳಿಸು. ನೀನು ನನ್ನ ಮಗಳು ಎಂದು ಅವನಿಗೆ ಹೇಳಿಲ್ಲ.

ಕಂಠಪ್ಪ

*

ಕೊಯಮತ್ತೂರು
19 ಜೂನ್ 2025

ಕಂಠಪ್ಪನವರಿಗೆ,

ನಿಮ್ಮ ಕಾಗದದ ಕೊನೆಯ ಸಾಲು ಓದಿ ಹೇಸಿಗೆಯಾಯಿತು. ಆಶ್ಚರ್ಯವೇನೂ ಆಗಲಿಲ್ಲ.

ಕಾಗದದಲ್ಲೇ ಬರೆಯಿರಿ ಎಂದು ಯಾಕೆ ಹೇಳಿದ್ದೆ ಎಂಬುದನ್ನು ನೀವು ಮರೆತಿರಬಹುದು. ಪಿರಿಯಾಪಟ್ಟಣದ ನೀಲಕಂಠಸ್ವಾಮಿಯವರ ಜೀಪಿನ ಇಂಜಿನ್ ಬಿಚ್ಚಿ, ಹೆಡ್ ಕೂರಿಸಿ, ಮತ್ತೆ ಜೋಡಿಸಿದವಳು ನಾನು. ಒಂಬತ್ತು ದಿನದ ಕೆಲಸ. ಅವರು ಜೀಪು ಒಯ್ಯಲು ಬಂದಾಗ "ಕಿರಣ ಮಾಡವ್ನೆ, ಒಳ್ಳೆ ಕೈ" ಎಂದಿರಿ. ಗ್ಯಾರೇಜಿನ ಕೆಲಸದ ಹುಡುಗ ಕಿರಣ್‌ಕುಮಾರ್ ಆ ಒಂಬತ್ತು ದಿನದಲ್ಲಿ ಆ ಜೀಪಿಗೆ ಒಂದು ನಟ್ಟನ್ನೂ ಹಾಕಿರಲಿಲ್ಲ. ನಾನು ಕೇಳಿದ್ದಕ್ಕೆ, ಹುಡುಗಿ ಮಾಡಿದ್ದು ಅಂದರೆ ಗಿರಾಕಿ ನಿಲ್ಲುವುದಿಲ್ಲ ಎಂದಿರಿ. ಮರುದಿನ ಅಮ್ಮನ ಎದುರಿಗೆ, ನಾನು ಹಾಗೆ ಹೇಳಿಯೇ ಇಲ್ಲ ಎಂದಿರಿ. ಬಾಯಲ್ಲಿ ಹೇಳಿದ್ದನ್ನು ನುಂಗಿಬಿಡುವ ಮನುಷ್ಯನ ಹತ್ತಿರ ಬಾಯಲ್ಲಿ ಮಾತಾಡಿ ಏನು ಬಂತು?

ಈಗ ಕಾರಿನ ವಿಷಯ. ಇಲ್ಲಿಯ ಟ್ಯೂನಿಂಗ್ ಗ್ಯಾರೇಜಿನಲ್ಲಿ ನಾನು ಒಬ್ಬಳೇ ಮಾಡಿ ನನ್ನದೇ ಹೆಸರು ಹಾಕಿದ ಮೊದಲನೆಯ ಮ್ಯಾಪು ಅದು. ಸಾಗರ್ ನಮ್ಮ ಮಾಲೀಕರಿಗೂ ದೂರು ಕೊಟ್ಟಿದ್ದಾನೆ. ಆಗಸ್ಟ್ ಮುಗಿಯುವುದರೊಳಗೆ ತಪ್ಪು ಮ್ಯಾಪಿನದಲ್ಲ ಎಂದು ತೋರಿಸದಿದ್ದರೆ ಇನ್ನು ಮುಂದೆ ಯಾವ ಕಾರಿಗೂ ನನ್ನ ಹೆಸರು ಹಾಕುವುದಿಲ್ಲ, ಆಯಿಲ್ ಬದಲಾಯಿಸುವ ಕಡೆಗೆ ಕಳಿಸುತ್ತೇವೆ ಎಂದು ಮಾಲೀಕರು ಹೇಳಿದ್ದಾರೆ. ಆ ಪಟಾಕಿ ಶಬ್ದ ನಾನು ಹಾಕಿದ್ದಲ್ಲ, ಅದನ್ನು ಅವನು ಬೇರೆಲ್ಲೋ ಸೇರಿಸಿಕೊಂಡಿದ್ದಾನೆ. ಆನೆಯ ವಿಡಿಯೊ ನಾನೂ ನೋಡಿದೆ. ಉಗಿಯಬೇಕು ಅನ್ನಿಸಿತು. ಆದರೂ ಇಂಜಿನ್ ಸುಳ್ಳು ಹೇಳುವುದಿಲ್ಲ. ಜನವರಿಯಲ್ಲಿ ಇಲ್ಲಿಂದ ಹೋದಾಗ ಏಳು ಸಾವಿರದವರೆಗೂ ಅದು ಸಲೀಸಾಗಿ ಎಳೆಯುತ್ತಿತ್ತು.

ಸ್ಪಾರ್ಕ್ ಪ್ಲಗ್ ನೋಡಿ. ಭಾರ ಬಿದ್ದಾಗ ಪೆಟ್ರೋಲಿನ ಒತ್ತಡ ಕುಸಿಯುತ್ತದಾ ನೋಡಿ. ಸೈಲೆನ್ಸರ್ ಕಟ್ಟಿಕೊಂಡಿದೆಯಾ, ಗಾಳಿ ಎಲ್ಲಾದರೂ ಸೋರುತ್ತಿದೆಯಾ ನೋಡಿ. ಕಿವಿಯಲ್ಲಿ ನೋಡಬೇಡಿ, ಮೀಟರ್ ಹಾಕಿ ನೋಡಿ.

ಅನುಶ್ರೀ

*

ಹುಣಸೂರು
5 ಜುಲೈ 2025

ಅನುಶ್ರೀ,

ಹಳೆಯದನ್ನು ಕೆದಕುವುದಕ್ಕೆ ನನಗೆ ಪುರಸೊತ್ತಿಲ್ಲ. ಮಾಡಿದ ಕೆಲಸ ಬರೆಯುತ್ತೇನೆ.

ಪ್ಲಗ್ ನಾಲ್ಕೂ ಬಿಚ್ಚಿದೆ. ಸುಟ್ಟಿಲ್ಲ, ಮಸಿ ಹಿಡಿದಿಲ್ಲ. ಆದರೂ ಹೊಸದನ್ನು ಹಾಕಿ, ಸಂದನ್ನು ಸ್ವಲ್ಪ ಕಮ್ಮಿ ಮಾಡಿ ಓಡಿಸಿದೆ. ಅದೇ ರಾಗ. ಪೆಟ್ರೋಲ್ ಲೈನಿಗೆ ಮೀಟರ್ ಕಟ್ಟಿ ಅದನ್ನು ವೈಪರಿಗೆ ಸಿಕ್ಕಿಸಿಕೊಂಡು ಪಿರಿಯಾಪಟ್ಟಣದ ರಸ್ತೆಯಲ್ಲಿ ಓಡಿಸಿದೆ. ಮುಳ್ಳು ಅಲುಗಲಿಲ್ಲ. ಸೈಲೆನ್ಸರನ್ನು ಮುಂದಿನಿಂದಲೇ ಬಿಚ್ಚಿ ಒಂದು ಸುತ್ತು ಹಾಕಿದೆ. ಹಾದಿಯ ನಾಯಿಗಳೆಲ್ಲ ಬೆನ್ನು ಹತ್ತಿದವು, ತಂಬಾಕು ಹೊಲದಲ್ಲಿ ಕಳೆ ಕೀಳುತ್ತಿದ್ದ ಹೆಂಗಸರು ಎದ್ದು ನಿಂತು ಬೈದರು, ಕಾರು ಮಾತ್ರ ಐದು ಸಾವಿರದಲ್ಲಿ ಹಾಗೆಯೇ ಸತ್ತಿತು. ಗಾಳಿಯ ದಾರಿಯ ಎರಡೂ ಕಡೆ ಮುಚ್ಚಿ, ಕಂಪ್ರೆಸರಿನಿಂದ ಗಾಳಿ ತುಂಬಿ, ಸೋಪಿನ ನೀರು ಬಳಿದು ನೋಡಿದೆ. ಒಂದು ಗುಳ್ಳೆ ಏಳಲಿಲ್ಲ. ಪೈಪುಗಳೆಲ್ಲ ದುಂಡಗೆ ಬಿಗಿದುಕೊಂಡು ನಿಂತವು.

ವಿಚಿತ್ರವೆಂದರೆ ನಿಂತಲ್ಲೇ ಆಕ್ಸಿಲರೇಟರ್ ತುಳಿದರೆ ಏಳು ಸಾವಿರ ಹೂ ಎತ್ತಿದಂತೆ ಏರುತ್ತದೆ. ರಸ್ತೆಯಲ್ಲಿ ಭಾರ ಬಿದ್ದಾಗ ಮಾತ್ರ ಸಾಯುತ್ತದೆ. ಕಬ್ಬಿಣದ ಸಾಮಾನೆಲ್ಲ ಸರಿಯಿದೆ ಎಂದ ಮೇಲೆ ಇನ್ನು ಉಳಿದಿದ್ದು ನಿನ್ನ ಲ್ಯಾಪ್‌ಟಾಪಿನ ಕೆಲಸವೊಂದೇ.

ಸಾಗರ್ ದಿನಾ ಬಂದು ಕೂರುತ್ತಾನೆ. ಜೊತೆಗೆ ಅವನಂಥವರೇ ನಾಲ್ಕು ಜನ. ಗ್ಯಾರೇಜಿನ ಮುಂದೆ ಗುಟ್ಕಾ ಉಗಿದು ಗೋಡೆಯನ್ನೆಲ್ಲ ಹೊಲಸು ಮಾಡಿದ್ದಾರೆ. ಇವರದೊಂದು ಗುಂಪಿದೆ, ಭಾನುವಾರ ಬೆಳಿಗ್ಗೆ ಎಚ್.ಡಿ. ಕೋಟೆ ರಸ್ತೆಯ ಒಂದು ಟೀ ಅಂಗಡಿಯಲ್ಲಿ ಹತ್ತಾರು ಕಾರು ನಿಲ್ಲಿಸಿಕೊಂಡು ಜಂಬ ಕೊಚ್ಚುತ್ತಾರಂತೆ. ಅಲ್ಲಿ ನಿನ್ನ ಮ್ಯಾಪಿನದೇ ನಗೆಚಾಟಿಕೆ. ಒಬ್ಬನು ನನ್ನೆದುರಿಗೇ, ಹುಡ್ಗೀರ ಕೈಗೆ ಲ್ಯಾಪ್‌ಟಾಪ್ ಕೊಟ್ರೆ ಇಂಗೇ ಆಗದು ಎಂದ. ನಾನು ಏನೂ ಹೇಳಲಿಲ್ಲ. ಗಿರಾಕಿ.

ಕಾಲ ಮಿಂಚುವುದಕ್ಕೆ ಮುಂಚೆ ನೀನೇ ತಪ್ಪು ಒಪ್ಪಿಕೊಂಡು ಸರಿಮಾಡಿಬಿಡು, ಮರ್ಯಾದೆ ಉಳಿಯುತ್ತದೆ.

ಕಂಠಪ್ಪ

*

ಕೊಯಮತ್ತೂರು
13 ಜುಲೈ 2025

ಕಂಠಪ್ಪನವರಿಗೆ,

'ಗಿರಾಕಿ' ಎಂದು ಒಂದೇ ಪದದಲ್ಲಿ ಮುಗಿಸಿದ್ದೀರಿ. ಆ ಪದದ ಮೇಲೆ ನನಗೆ ಎರಡು ವರ್ಷದಿಂದ ವಾಕರಿಕೆ ಇದೆ.

ಮಾಡದ ತಪ್ಪನ್ನು ನಾನು ಒಪ್ಪಿಕೊಳ್ಳುವುದಿಲ್ಲ. ಕಾರು ಓಡುವಾಗ ಅದರ ಕಂಪ್ಯೂಟರು ಬರೆದಿಟ್ಟುಕೊಂಡಿದ್ದನ್ನು ಸಾಗರನ ಫೋನಿನಿಂದ ತರಿಸಿಕೊಂಡು ನಾಲ್ಕು ದಿನ ಕೂತು ಓದಿದೆ. ಪ್ಲಗ್ಗಿನ ಕಿಡಿ ಸರಿಯಿದೆ, ಪೆಟ್ರೋಲ್ ಸರಿಯಿದೆ. ಒಳಗೆ ಬರುವ ಗಾಳಿ ಮಾತ್ರ ಐದು ಸಾವಿರದವರೆಗೆ ಏರುತ್ತಾ ಹೋಗಿ, ಅಲ್ಲಿಂದ ಮೇಲೆ ಏರುವುದೇ ಇಲ್ಲ. ಇಂಜಿನ್ನಿಗೆ ಗಾಳಿ ತುಂಬುವ ಟರ್ಬೊ ತನ್ನ ಶಕ್ತಿಯನ್ನೆಲ್ಲ ಹಾಕಿ ತಿರುಗುತ್ತಿದೆ, ಗಾಳಿ ಸಿಗದೆ ಒದ್ದಾಡುತ್ತಿದೆ. ಅಂದರೆ ಟರ್ಬೊಗಿಂತ ಮುಂಚೆ, ಫಿಲ್ಟರಿನಿಂದ ಅದಕ್ಕೆ ಗಾಳಿ ಬರುವ ದಾರಿಯಲ್ಲಿ, ಭಾರ ಬಿದ್ದಾಗ ಮಾತ್ರ ಏನೋ ಕಟ್ಟಿಕೊಳ್ಳುತ್ತಿದೆ. ಇನ್ನೊಂದು ವಿಷಯ. ಮಾರ್ಚ್ ಅರ್ಧದವರೆಗೆ ಎಲ್ಲ ಸರಿಯಿತ್ತು. ಏಪ್ರಿಲಿನಿಂದ ಹೀಗೆ. ಮ್ಯಾಪು ತಾನಾಗಿ ಕೆಡುವುದಿಲ್ಲ. ಮಾರ್ಚಿನಲ್ಲಿ ಯಾರೋ ಆ ಕಾರನ್ನು ಮುಟ್ಟಿದ್ದಾರೆ.

ನೀವು ಗಾಳಿ ತುಂಬಿ ನೋಡಿದಿರಿ. ತುಂಬಿದರೆ ಯಾವ ಪೈಪಾದರೂ ದುಂಡಗೇ ನಿಲ್ಲುತ್ತದೆ. ಗುರುಪುರದಲ್ಲಿ ನೀವು ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದಾಗ ನಾನು ಏಳು ವರ್ಷದವಳು. ಕಾಲುವೆಯಿಂದ ನೀರು ಎಳೆಯುವ ಪೈಪಿಗೆ ಬಳೆ ಬಳೆಯಾಗಿ ತಂತಿ ಯಾಕೆ, ಹೊಲಕ್ಕೆ ನೀರು ಬಿಡುವ ಪೈಪಿಗೆ ಯಾಕಿಲ್ಲ ಎಂದು ಕೇಳಿದ್ದೆ. ಎಳೆಯುವುದು ಸಕ್ಷನ್ನು, ತಳ್ಳುವುದು ಡೆಲಿವರಿ, ಎರಡನ್ನೂ ಅದಲು ಬದಲು ಮಾಡುವವನು ಪಂಪು ಮುಟ್ಟಬಾರದು ಎಂದು ಹೇಳಿಕೊಟ್ಟವರು ನೀವು.

ಫಿಲ್ಟರಿಗೂ ಟರ್ಬೊಗೂ ಮಧ್ಯೆ ನಾನು ಬಿಟ್ಟಿದ್ದು ಬಳೆಗಳಿರುವ ಗಟ್ಟಿ ಕಪ್ಪು ಪೈಪು. ಈಗ ಅಲ್ಲಿ ಇರುವುದು ಯಾವುದು? ಸಕ್ಷನ್ನಾ, ಡೆಲಿವರಿಯಾ?

ಅನುಶ್ರೀ

*

ಹುಣಸೂರು
25 ಜುಲೈ 2025

ಅನುಶ್ರೀ,

ನಿನ್ನ ಕಾಗದ ಬಂದು ಒಂದು ವಾರವಾಯಿತು.

ಡೆಲಿವರಿ.

ಮಾರ್ಚಿನಲ್ಲಿ ಆ ಕಾರನ್ನು ಮುಟ್ಟಿದವನು ನಾನು. ಸಾಗರನ ಮನೆಯ ಶೆಡ್ಡಿನಲ್ಲಿ ಹೆಗ್ಗಣ ಆ ಕಪ್ಪು ಪೈಪನ್ನು ಕಡಿದುಹಾಕಿತ್ತು. ಮಡಿಕೇರಿಗೆ ಹೊರಟವನು ಅರ್ಜೆಂಟು ಅರ್ಜೆಂಟು ಎಂದು ತಲೆ ತಿಂದ. ಪಂಪ್‌ಸೆಟ್ಟಿನ ರಬ್ಬರ್ ಪೈಪು ಒಂದು ಮೊಳ ಬಿದ್ದಿತ್ತು. ಅಳತೆ ಸರಿಯಾಗಿ ಕೂತಿತು. ಟರ್ಬೊ ಅಂದರೆ ಗಾಳಿ ತಳ್ಳುವ ಮಿಷನ್ನು ಎಂಬುದಷ್ಟೇ ತಲೆಯಲ್ಲಿ ಇತ್ತು. ಅದರ ಪಕ್ಕದ ಪೈಪೆಲ್ಲ ಡೆಲಿವರಿ ಎಂದುಕೊಂಡೆ. ತಳ್ಳುವುದಕ್ಕೆ ಮುಂಚೆ ಅದು ಎಳೆಯಬೇಕು ಎಂಬುದು ಹೊಳೆಯಲಿಲ್ಲ. ಎರಡು ಕ್ಲಿಪ್ಪು ಬಿಗಿದು ಕಳಿಸಿದೆ, ಹತ್ತು ನಿಮಿಷದ ಕೆಲಸ. ಇಷ್ಟು ಸಣ್ಣದನ್ನು ನಿನಗೆ ಏನು ಬರೆಯುವುದು ಎಂದು, ಆ ಕಾರು ಮೊದಲೇ ನನ್ನ ಕೈಗೆ ಬಂದಿದ್ದನ್ನೂ ಬರೆಯಲಿಲ್ಲ. ಸುಳ್ಳು ಯಾಕೆ, ನನ್ನ ಎರಡನೆಯ ಕಾಗದದ ಹೊತ್ತಿಗೆ ನೆನಪಿತ್ತು, ಬೇಕೆಂದೇ ಬಿಟ್ಟೆ.

ಬಾನೆಟ್ಟಿನ ಒಳಗೆ ನನ್ನ ಫೋನನ್ನು ಟೇಪು ಸುತ್ತಿ ಕಟ್ಟಿ, ವಿಡಿಯೊ ಹಾಕಿ, ಕಿರಣನ ಕೈಗೆ ಕಾರು ಕೊಟ್ಟು ಪಿರಿಯಾಪಟ್ಟಣದ ರಸ್ತೆಗೆ ಬಿಟ್ಟೆ. ಬಂದ ಮೇಲೆ ನೋಡಿದರೆ, ಮೂರು ಸಾವಿರದಲ್ಲಿ ಪೈಪು ದುಂಡಗಿದೆ. ನಾಲ್ಕೂವರೆಯಲ್ಲಿ ಪಕ್ಕೆ ಒಳಗೆ ಹೋಗುತ್ತದೆ. ಐದರಲ್ಲಿ, ಜೋರಾಗಿ ಹೀರಿದಾಗ ಕಾಗದದ ಸ್ಟ್ರಾ ಅಂಟಿಕೊಳ್ಳುತ್ತದಲ್ಲ, ಹಾಗೆ ಚಪ್ಪಟೆ. ಕಾಲು ತೆಗೆದ ತಕ್ಷಣ ಉಬ್ಬಿ ಮೊದಲಿನಂತೆ ಆಯಿತು. ಇಷ್ಟು ದಿನ ನಿಲ್ಲಿಸಿ ಬಾನೆಟ್ ಎತ್ತಿದಾಗಲೆಲ್ಲ ಅದು ಏನೂ ಅರಿಯದ ಹಾಗೆ ದುಂಡಗೆ ಕೂತಿರುತ್ತಿತ್ತು.

ಬೇರೆಯವರ ಕೊಳಕನ್ನೆಲ್ಲ ಕಾಗದದ ತುಂಬ ಬರೆದೆ. ಅಸಹ್ಯ ನನ್ನ ಕೈಯಲ್ಲೇ ಇತ್ತು.

ತಂತಿ ಇರುವ ಗಟ್ಟಿ ಪೈಪು ಹಾಕಿದ್ದೇನೆ. ಏಳು ಸಾವಿರದವರೆಗೆ ಎಳೆಯುತ್ತಿದೆ. ನಿನ್ನ ಮ್ಯಾಪನ್ನು ಮುಟ್ಟಿಲ್ಲ. ಸಾಗರನಿಗೆ ನಾನೇ ಹೇಳುತ್ತೇನೆ.

ಕಂಠಪ್ಪ

*

ಕೊಯಮತ್ತೂರು
9 ಆಗಸ್ಟ್ 2025

ಕಂಠಪ್ಪನವರಿಗೆ,

ನಿಮ್ಮ ಕಾಗದ ಓದಿದ ದಿನ ನಾನು ಹಾಸ್ಟೆಲಿನಲ್ಲಿ ಅತ್ತಿದ್ದನ್ನು ಅಮ್ಮನಿಗೂ ಹೇಳಿರಲಿಲ್ಲ. ಈಗ ಆ ಅಳುವಿನ ಮೇಲೇ ನನಗೆ ಜಿಗುಪ್ಸೆ ಬಂದಿದೆ.

ನಿನ್ನೆ ಸಾಗರ್ ನನಗೂ ನಮ್ಮ ಮಾಲೀಕರಿಗೂ ಒಂದು ಮೆಸೇಜು ಕಳಿಸಿದ್ದಾನೆ. ಅವನು ಬರೆದಿದ್ದನ್ನು ಹಾಗೆಯೇ ಬರೆಯುತ್ತೇನೆ. "ಮೇಡಂ, ಹುಣಸೂರಲ್ಲಿ ಕಂಠಣ್ಣ ಅಂತ ಒಬ್ರು ಹಳೇ ಮೆಕ್ಯಾನಿಕ್ ಅವ್ರೆ. ನಿಮ್ ಮ್ಯಾಪಲ್ಲಿ ಏನ್ ಮಿಸ್ಟೇಕ್ ಇತ್ತೋ ಅವ್ರು ಅಡ್ಜಸ್ಟ್ ಮಾಡಿಕೊಟ್ರು. ಈಗ ಗಾಡಿ ಬೆಂಕಿ. ಕಲೀಬೇಕು ಅಂದ್ರೆ ಬಂದು ಅವ್ರ ಅತ್ರ ಕಲೀರಿ."

ಮಾಲೀಕರು ಇದನ್ನು ಎಲ್ಲರ ಮುಂದೆ ಓದಿದರು. ಒಬ್ಬರೂ ನಗಲಿಲ್ಲ, ನಕ್ಕಿದ್ದರೆ ವಾಸಿಯಿತ್ತು. ಸೋಮವಾರದಿಂದ ಆಯಿಲ್ ಬದಲಾಯಿಸುವ ಕಡೆ ನನ್ನ ಕೆಲಸ.

ನಿಮ್ಮ ಹಿಂದಿನ ಕಾಗದವನ್ನು ಅವರ ಮುಂದೆ ಹಿಡಿಯಬಹುದಿತ್ತು. ಹಿಡಿಯಲಿಲ್ಲ. ನನ್ನ ಹೆಸರನ್ನು ನಾನೇ ಬೇಡಿ ತೆಗೆದುಕೊಳ್ಳಬೇಕಾ? ಅದನ್ನು ಕಳೆದವರು ನೀವು.

ಇದಕ್ಕೆ ಉತ್ತರ ಬೇಡ.

ಅನುಶ್ರೀ

*

ಹುಣಸೂರು
25 ಆಗಸ್ಟ್ 2025

ಅನುಶ್ರೀ,

ಉತ್ತರ ಬೇಡ ಎಂದಿದ್ದೆ. ಇದು ಉತ್ತರವಲ್ಲ, ನಡೆದಿದ್ದು.

ಸಾಗರ್ ಕಾರು ಒಯ್ಯಲು ಬಂದ ದಿನ ನಾನು ಹೇಳಬೇಕೆಂದೇ ಇದ್ದೆ. ಕಿರಣ ನನ್ನನ್ನು ಪಕ್ಕಕ್ಕೆ ಕರೆದ. "ಪೈಪ್ ಬದ್ಲಾಯ್ಸಿ ಆಯ್ತಲ್ಲ, ಸುಮ್ಕಿರಣ ಬುಡಣ್ಣ. ನಮ್ ತಪ್ಪು ಅಂದ್ರೆ ನಾಳೆಯಿಂದ ಒಂದ್ ಗಾಡಿ ಬರಲ್ಲ" ಎಂದ. ಸಾಗರ್ ಓಡಿಸಿ ನೋಡಿ ಬಂದವನೇ ನನ್ನ ಕಾಲಿಗೆ ಬಿದ್ದ. ಜೊತೆಯವರೆಲ್ಲ ಕಂಠಣ್ಣ ಕಂಠಣ್ಣ ಎಂದರು. ಮ್ಯಾಪ್ ಸರಿ ಮಾಡಿದ್ರಾ ಅಣ್ಣ ಎಂದು ಸಾಗರ್ ಕೇಳಿದ. ನಾನು ಕೈ ಒರೆಸಿಕೊಳ್ಳುತ್ತಾ ಹೂಂ ಎಂದೆ. ಒಂದು ಹೂಂ, ಅಷ್ಟೆ. ಅದಕ್ಕಿಂತ ಉದ್ದದ ಸುಳ್ಳು ಹೇಳಲು ಧೈರ್ಯವೂ ಇರಲಿಲ್ಲ.

ನಿನ್ನ ಕಾಗದವನ್ನು ನಿನ್ನಮ್ಮ ಓದಿದಳು. ಬೈಯಲಿಲ್ಲ. ಊಟದ ತಟ್ಟೆಯನ್ನು ನನ್ನ ಮುಂದೆ ಇಟ್ಟು ಎದ್ದು ಹೋದಳು. ಮೂವತ್ತು ವರ್ಷದಲ್ಲಿ ನಾನು ಒಬ್ಬನೇ ಕೂತು ಉಂಡಿದ್ದು ಅದೇ ಮೊದಲು. ಈಗ ದಿನಾ ಹಾಗೆಯೇ.

ಹೋದ ಭಾನುವಾರ ಬಸ್ಸು ಹತ್ತಿ ಎಚ್.ಡಿ. ಕೋಟೆ ರಸ್ತೆಯ ಆ ಟೀ ಅಂಗಡಿಗೆ ಹೋದೆ. ಹನ್ನೆರಡು ಕಾರು, ಮೂವತ್ತು ಜನ. ಹಳೆಯ ಪೈಪನ್ನು ಚೀಲದಿಂದ ತೆಗೆದು ಸಾಗರನ ಬಾನೆಟ್ಟಿನ ಮೇಲೆ ಇಟ್ಟೆ. "ಈ ಪೈಪ್ ಆಕಿದ್ದು ನಾನು. ಕೆಟ್ಟಿದ್ದು ಇದರಿಂದ. ಮ್ಯಾಪಲ್ಲಿ ಏನೂ ತಪ್ಪಿರಲಿಲ್ಲ, ಅದ್ನ ನಾನು ಮುಟ್ಟೂ ಇಲ್ಲ. ಮ್ಯಾಪ್ ಮಾಡಿರೋ ಅನುಶ್ರೀ ನನ್ ಮಗಳು. ಕಾಯಿಲೆ ಕಂಡಿಡಿದವಳೂ ಅವಳೇ" ಎಂದೆ. ಒಬ್ಬನು ವಿಡಿಯೊ ಮಾಡಿಕೊಂಡ. ಮಾಡಿಕೊಳ್ಳಲಿ ಎಂದೇ ನಿಧಾನವಾಗಿ ಎರಡು ಸಲ ಹೇಳಿದೆ. ಸಾಗರ್ ಅದನ್ನು ನಿಮ್ಮ ಮಾಲೀಕರಿಗೆ ಕಳಿಸುವವರೆಗೆ ಅವನ ಪಕ್ಕದಲ್ಲೇ ನಿಂತಿದ್ದೆ. ಅವನು ನನ್ನನ್ನು ನೋಡಿದ ನೋಟ ಬರೆಯುವಂಥದ್ದಲ್ಲ. ಆನೆಯ ವಿಡಿಯೊ ತೋರಿಸಿದಾಗ ನಾನು ಅವನನ್ನು ಹಾಗೆಯೇ ನೋಡಿದ್ದೆ.

ಅಲ್ಲಿಂದ ಪಿರಿಯಾಪಟ್ಟಣಕ್ಕೆ ಹೋದೆ. ನೀಲಕಂಠಸ್ವಾಮಿ ತಂಬಾಕು ಬೇಯಿಸುವ ಬ್ಯಾರನ್ನಿನ ಮುಂದೆ ಸೌದೆ ಹಾಕುತ್ತಿದ್ದರು. ಜೀಪು ಅಲ್ಲೇ ನಿಂತಿತ್ತು, ಎರಡು ವರ್ಷದಲ್ಲಿ ಒಂದು ತೊಟ್ಟು ಆಯಿಲ್ ಸೋರಿಲ್ಲವಂತೆ. ಅದರ ಇಂಜಿನ್ ಮಾಡಿದ್ದು ಕಿರಣನಲ್ಲ, ನನ್ನ ಮಗಳು, ಗಿರಾಕಿ ಕೈತಪ್ಪುತ್ತದೆಂದು ನಾನು ಸುಳ್ಳು ಹೇಳಿದೆ ಎಂದೆ. ಅವರು ಸೌದೆ ಕೆಳಗಿಟ್ಟು ನನ್ನನ್ನೇ ನೋಡಿದರು.

"ನಂಗೊತ್ತಿತ್ತು ಕಣ ಕಂಠಪ್ಪ. ಜೀಪ್ ಒಯ್ಯಕೆ ಒಂದಿನ ಮುಂಚೆ ಬಂದಿದ್ದೆ ನಾನು, ನೀನಿರಲಿಲ್ಲ. ಅವಳು ಹೆಡ್ ಬೋಲ್ಟ್ ಬಿಗೀತಿದ್ಲು, ನಿಂತ್ಕಂಡು ನೋಡ್ದೆ. ಆ ಕೈ ನೋಡೇ, ತಮ್ಮನ ಟ್ರ್ಯಾಕ್ಟ್ರೂ ಇವಳ ಕೈಗೇ ಕೊಡಣ ಅಂದ್ಕಂಡಿದ್ದೆ. ನೀನು ಕಿರಣ ಅಂದೆ. ಎತ್ತಪ್ಪನೇ ಅಲ್ಲ ಅಂದ್ಮೇಲೆ ನಾನ್ಯಾಕೆ ಹೌದು ಅನ್ಲಿ ಅಂತ ಸುಮ್ಕಾದೆ."

ಯಾವ ಗಿರಾಕಿಗಾಗಿ ಆ ಸುಳ್ಳು ಹೇಳಿದೆನೋ ಆ ಗಿರಾಕಿಗೆ ಅದು ಬೇಕಾಗಿಯೇ ಇರಲಿಲ್ಲ. ಬೇಕಾಗಿದ್ದು ನನಗೆ. ಮಗಳ ಕೈ ನನ್ನ ಕೈಗಿಂತ ಚೆನ್ನಾಗಿದೆ ಎಂದು ನಾಲ್ಕು ಜನ ಹೇಳುವುದನ್ನು ನನಗೆ ಕೇಳಲಾಗುತ್ತಿರಲಿಲ್ಲ. ಇದನ್ನು ಯಾರಿಗೂ ಹೇಳಿಲ್ಲ, ನಿನಗೆ ಬರೆದಿದ್ದೇನೆ. ಬರೆದಿದ್ದನ್ನು ನುಂಗಲು ಬರುವುದಿಲ್ಲ.

ನಿನ್ನ ಅಪ್ಪ,
ಕಂಠಪ್ಪ

*

ಕೊಯಮತ್ತೂರು
3 ಸೆಪ್ಟೆಂಬರ್ 2025

ಅಪ್ಪ,

ವಿಡಿಯೊ ಬಂತು. ಮಾಲೀಕರು ಅದನ್ನು ಎರಡು ಸಲ ಹಾಕಿ ನೋಡಿದರು. ಮ್ಯಾಪಿನ ಕೆಲಸಕ್ಕೆ ನನ್ನನ್ನು ವಾಪಸ್ಸು ಹಾಕಿದ್ದಾರೆ, ಹೆಸರು ಉಳಿಯಿತು. ಸಾಗರನ ಕಾರನ್ನು ಇನ್ನು ಮುಟ್ಟುವುದಿಲ್ಲ ಎಂದು ನಾನು ಬರೆದುಕೊಟ್ಟಿದ್ದೇನೆ. ಅಮ್ಮ ನಿನ್ನ ಜೊತೆ ಕೂತು ಉಣ್ಣಲಿ ಎಂದು ಫೋನಿನಲ್ಲಿ ಹೇಳಿದ್ದೇನೆ. ಅವಳು ಕೇಳುತ್ತಾಳೋ ಇಲ್ಲವೋ ಗೊತ್ತಿಲ್ಲ.

ನೀಲಕಂಠಸ್ವಾಮಿಯವರಿಗೆ ಗೊತ್ತಿತ್ತು ಎಂಬುದು ನಿನಗೆ ಹೊಸ ಸುದ್ದಿ. ನನಗಲ್ಲ. ಅವರು ನಿಂತು ನೋಡಿದ ದಿನ ಕರೆಂಟು ಹೋಗಿತ್ತು, ನನಗೆ ಟಾರ್ಚು ಹಿಡಿದವರು ಅವರೇ. ಮರುದಿನ ನೀನು ಕಿರಣ ಎಂದಾಗ ಅವರು ತಟ್ಟನೆ ತಿರುಗಿ ನನ್ನ ಮುಖ ನೋಡಿದರು. ಕಿರಣನೂ ನೋಡಿದ.

ನೀನು ನೋಡಲಿಲ್ಲ.

ಅನುಶ್ರೀ